ಹುಡುಗರ ಸರದಿ

1980ರ ದಶಕದ ಮೊದಲ ವರ್ಷಗಳು. ಸ್ಕಾಟ್ಲೆಂಡಿನಲ್ಲಿ ವೈದ್ಯಕೀಯ ಓದಿ ಆಸ್ಟ್ರೇಲಿಯಾಕ್ಕೆ ಬಂದಿದ್ದ ಇಯಾನ್ ಫ್ರೇಜರ್ ಎಂಬ ಯುವ ವೈದ್ಯರು ಮೆಲ್ಬರ್ನ್‌ನ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಏಡ್ಸ್ ಎಂಬ ಹೆಸರು ಆಗಷ್ಟೇ ಕಿವಿಗೆ ಬೀಳತೊಡಗಿದ್ದ ಕಾಲ. ಅವರು ಪರೀಕ್ಷಿಸುತ್ತಿದ್ದ ಸಲಿಂಗಕಾಮಿ ಗಂಡಸರಲ್ಲಿ ಕೆಲವರ ರೋಗನಿರೋಧಕ ಶಕ್ತಿ ಕುಸಿದುಹೋಗಿತ್ತು. ಅಂಥವರ ಗುಪ್ತಾಂಗದ ಸುತ್ತ ಎದ್ದ ನರಹುಲಿಗಳು ಏನು ಮಾಡಿದರೂ ಹೋಗುತ್ತಿರಲಿಲ್ಲ. ಕೈಬೆರಳ ಮೇಲೆ ಎದ್ದರೆ ನಮ್ಮ ಹಳ್ಳಿಗಳಲ್ಲಿ ಕುದುರೆ ಬಾಲದ ಕೂದಲು ಕಟ್ಟಿ ಉದುರಿಸುತ್ತಿದ್ದರಲ್ಲ, ಅದೇ ನರಹುಲಿಯ ಬಳಗ. ಆ ಗಂಡಸರ ಗುದದ್ವಾರದಿಂದ ತೆಗೆದ ಜೀವಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ನೋಡಿದರೆ, ಹೆಂಗಸರ ಗರ್ಭಕಂಠದಲ್ಲಿ ಕ್ಯಾನ್ಸರ್‌ಗೆ ಮುಂಚೆ ಕಾಣುವಂಥದೇ ಬದಲಾವಣೆ. ಗರ್ಭಕಂಠದ ಕೋಶಗಳನ್ನು ನೋಡಿ ಪಳಗಿದ್ದ ಗೇಬ್ರಿಯೆಲ್ ಮೆಡ್ಲಿ ಮತ್ತಿತರ ಸಹೋದ್ಯೋಗಿಗಳ ಜೊತೆ ಫ್ರೇಜರ್ ಈ ಸಂಗತಿಯನ್ನು 1986ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇದೇ ಫ್ರೇಜರ್ ಮುಂದೆ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಲಸಿಕೆಗೆ ಅಡಿಪಾಯ ಹಾಕಿದ ಇಬ್ಬರಲ್ಲಿ ಒಬ್ಬರಾದರು. ಅಂದರೆ ಅವರ ಮಟ್ಟಿಗೆ ಈ ಕಥೆ ಶುರುವಾಗಿದ್ದೇ ಗಂಡಸರ ಮೈಮೇಲಿನ ನರಹುಲಿಯಿಂದ. ಲಸಿಕೆ ಬಂದದ್ದು 2006ರಲ್ಲಿ. ಒಂದು ಸರ್ಕಾರ ತನ್ನ ಖರ್ಚಿನಲ್ಲಿ ದೇಶದ ಹುಡುಗರಿಗೆಲ್ಲ ಅದನ್ನು ಕೊಡಲು ಮುಂದಾಗಿದ್ದು 2013ರಲ್ಲಿ. ನಡುವಿನ ಏಳು ವರ್ಷಗಳಲ್ಲಿ, ಮತ್ತು ಆಮೇಲೂ, ಹುಡುಗರನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿದ್ದಕ್ಕೆ ಕಾರಣಗಳಿದ್ದವು. ಎಲ್ಲವೂ ಕೆಟ್ಟ ಕಾರಣಗಳಲ್ಲ.

ಗರ್ಭಕಂಠದ ಕ್ಯಾನ್ಸರಿಗೂ ದಾಂಪತ್ಯಕ್ಕೂ ಏನೋ ನಂಟಿದೆ ಎಂಬ ಗುಮಾನಿ ಬಹಳ ಹಳೆಯದು. ಇಟಲಿಯ ವೆರೋನಾ ನಗರದ ವೈದ್ಯ ರಿಗೋನಿ ಸ್ಟರ್ನ್ ಊರಿನ ಮರಣದ ದಾಖಲೆಗಳನ್ನು ತಿರುವಿಹಾಕಿ, ಈ ಕ್ಯಾನ್ಸರ್ ವಿವಾಹಿತೆಯರಲ್ಲಿ ಹೆಚ್ಚು, ಮಠದ ಸನ್ಯಾಸಿನಿಯರಲ್ಲಿ ತೀರ ಅಪರೂಪ ಎಂದು 1842ರಲ್ಲೇ ಬರೆದಿದ್ದರು. ಗಂಡಸಿನಿಂದ ಹೆಂಗಸಿಗೆ ಏನೋ ದಾಟುತ್ತಿದೆ ಎಂಬುದು ಅದರ ಒಳಾರ್ಥ. ಆ ‘ಏನೋ’ ಯಾವುದೆಂದು ಪತ್ತೆ ಮಾಡಲು ಇನ್ನೂ 140 ವರ್ಷ ಹಿಡಿಯಿತು. 1970ರ ದಶಕದಲ್ಲಿ ಬಹುತೇಕ ವಿಜ್ಞಾನಿಗಳು ಹರ್ಪಿಸ್ ವೈರಸ್ ಕಡೆ ಬೆರಳು ಮಾಡುತ್ತಿದ್ದರು. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಒಬ್ಬರು ಮಾತ್ರ ಅಲ್ಲ, ಇದು ನರಹುಲಿ ಎಬ್ಬಿಸುವ ಪ್ಯಾಪಿಲೋಮಾ ವೈರಸ್‌ನ ಕೆಲಸ ಎಂದು ಹಟ ಹಿಡಿದಿದ್ದರು. 1974ರಲ್ಲಿ ಫ್ಲಾರಿಡಾದ ಸಮ್ಮೇಳನವೊಂದರಲ್ಲಿ, ಗೆಡ್ಡೆಗಳಲ್ಲಿ ಹರ್ಪಿಸ್‌ನ ಸುಳಿವೇ ಸಿಗಲಿಲ್ಲ ಎಂದು ಅವರು ಹೇಳಿದಾಗ ಸಭೆ ಮೌನವಾಗಿ ಕೇಳಿಸಿಕೊಂಡು ಸುಮ್ಮನಾಯಿತು. ಅವರ ತಂಡ 1983ರಲ್ಲಿ ಎಚ್‌ಪಿವಿ 16, ಮರುವರ್ಷ ಎಚ್‌ಪಿವಿ 18 ಎಂಬ ತಳಿಗಳನ್ನು ಗರ್ಭಕಂಠದ ಗೆಡ್ಡೆಗಳಿಂದ ಹೊರತೆಗೆಯಿತು. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ನೂರಕ್ಕೆ ಎಪ್ಪತ್ತು ಈ ಎರಡು ತಳಿಗಳದೇ ಕೆಲಸ. ಲಸಿಕೆ ಮಾಡೋಣ ಬನ್ನಿ ಎಂದು ಹೌಸೆನ್ ಜರ್ಮನಿಯ ಔಷಧ ಕಂಪನಿಯೊಂದನ್ನು ಕರೆದರು. ಕಂಪನಿ ಮಾರುಕಟ್ಟೆಯ ಲೆಕ್ಕ ಹಾಕಿ ಆಸಕ್ತಿ ಇಲ್ಲವೆಂದಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಆಮೇಲೆ ಹೋದಲ್ಲೆಲ್ಲ ಅವರು ಹೇಳುತ್ತಿದ್ದ ಮಾತೊಂದಿತ್ತು: ಹುಡುಗರಿಗೂ ಚುಚ್ಚಿ, ಸೋಂಕು ಹರಡುವುದರಲ್ಲಿ ಅವರ ಪಾಲು ದೊಡ್ಡದು.

ಲಸಿಕೆ ಮಾಡುವುದು ಮಾತಿನಷ್ಟು ಸುಲಭವಿರಲಿಲ್ಲ. ಈ ವೈರಸ್ಸು ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಯಲೊಲ್ಲದು. ಬೆಳೆದರೂ ಕ್ಯಾನ್ಸರ್ ತರುವ ಜೀನ್ ಇಟ್ಟುಕೊಂಡಿರುವ ವೈರಸ್ಸನ್ನು ಆರೋಗ್ಯವಂತ ಮಕ್ಕಳಿಗೆ ಚುಚ್ಚುವ ಧೈರ್ಯ ಯಾರಿಗಿದೆ? 1989ರಲ್ಲಿ ಫ್ರೇಜರ್ ಕೇಂಬ್ರಿಜ್‌ಗೆ ಹೋಗಿದ್ದಾಗ ಅಲ್ಲಿ ಚೀನಾದ ವಿಜ್ಞಾನಿ ಜಿಯಾನ್ ಝೌ ಪರಿಚಯವಾದರು. ಮರುವರ್ಷ ಝೌ ತಮ್ಮ ಹೆಂಡತಿ ಶಿಯಾವ್ ಯಿ ಸುನ್ ಜೊತೆ ಬ್ರಿಸ್ಬೇನ್‌ಗೆ ಬಂದು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪ್ರಯೋಗಾಲಯ ಸೇರಿದರು. ವೈರಸ್ಸಿನ ಹೊರಕವಚ ಮುಖ್ಯವಾಗಿ ಎಲ್1 ಎಂಬ ಪ್ರೋಟೀನಿನ 360 ತುಣುಕುಗಳಿಂದ ಕಟ್ಟಿದ್ದು. ಕವಚದ ಪ್ರೋಟೀನುಗಳನ್ನಷ್ಟೇ ಜೀವಕೋಶಗಳಲ್ಲಿ ತಯಾರಿಸಿದರೆ ಏನಾಗುತ್ತದೆ? 1991ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೆಳಗೆ ಉತ್ತರ ಕಂಡಿತು. ತುಣುಕುಗಳು ತಮ್ಮಷ್ಟಕ್ಕೆ ತಾವೇ ಜೋಡಿಸಿಕೊಂಡು, ಹೊಲಿಗೆ ಹಾಕಿದ ಫುಟ್‌ಬಾಲ್‌ನಂಥ ಪುಟಾಣಿ ಚೆಂಡುಗಳಾಗಿದ್ದವು. ಹೊರಗಿನಿಂದ ನೋಡಿದರೆ ವೈರಸ್ಸೇ. ಒಳಗೆ ಜೀನ್ ಇಲ್ಲ, ಬರೀ ಟೊಳ್ಳು. ಮನೆ ಇದೆ, ಕಳ್ಳ ಇಲ್ಲ. ದೇಹ ಮಾತ್ರ ಕಳ್ಳನೇ ಬಂದನೆಂದು ಎಚ್ಚರಗೊಂಡು ಪ್ರತಿಕಾಯಗಳನ್ನು ಸಜ್ಜುಗೊಳಿಸುತ್ತದೆ. ಇಂದಿನ ಎಲ್ಲ ಎಚ್‌ಪಿವಿ ಲಸಿಕೆಗಳೂ ಇದೇ ಟೊಳ್ಳು ಚೆಂಡುಗಳು.

ಇದನ್ನು ಮೊದಲು ಮಾಡಿದವರು ಯಾರು ಎಂಬ ಪೇಟೆಂಟ್ ವ್ಯಾಜ್ಯ ಅಮೆರಿಕದ ಸಂಸ್ಥೆಗಳ ಜೊತೆ ವರ್ಷಗಟ್ಟಲೆ ನಡೆಯಿತು. ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಗ್ಲಸ್ ಲೋವಿ ಮತ್ತು ಜಾನ್ ಶಿಲ್ಲರ್ ಅವರ ಕೆಲಸವೂ ಸಣ್ಣದೇನಲ್ಲ. 2007ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಫ್ರೇಜರ್ ಮತ್ತು ಝೌ ಪರ ತೀರ್ಪು ಕೊಟ್ಟಿತು. ಕೇಳಲು ಝೌ ಇರಲಿಲ್ಲ. 1999ರ ಮಾರ್ಚ್‌ನಲ್ಲಿ ಚೀನಾಕ್ಕೆ ಹೋಗಿದ್ದಾಗ, ಇನ್ನೂ ನಲವತ್ತರ ಆಸುಪಾಸಿನಲ್ಲೇ, ತೀರಿಕೊಂಡಿದ್ದರು.

2006ರ ಜೂನ್ 8ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಗಾರ್ಡಸಿಲ್ ಲಸಿಕೆಗೆ ಒಪ್ಪಿಗೆ ಕೊಟ್ಟಿತು. 9ರಿಂದ 26 ವರ್ಷದ ಹುಡುಗಿಯರಿಗೆ ಮತ್ತು ಯುವತಿಯರಿಗೆ ಮಾತ್ರ. ಲಸಿಕೆಯಲ್ಲಿ ನಾಲ್ಕು ತಳಿಗಳ ಕವಚವಿತ್ತು: ಕ್ಯಾನ್ಸರ್ ತರುವ 16 ಮತ್ತು 18, ಜನನಾಂಗದ ನರಹುಲಿ ತರುವ 6 ಮತ್ತು 11. ಕೊನೆಯ ಎರಡು ಗಂಡಸರನ್ನೂ ಅಷ್ಟೇ ಕಾಡುವಂಥವು. ಆದರೂ ಒಪ್ಪಿಗೆಪತ್ರದಲ್ಲಿ ಗಂಡಸರಿರಲಿಲ್ಲ. ದೊಡ್ಡ ಪ್ರಯೋಗಗಳು ಹೆಂಗಸರ ಮೇಲೆ ನಡೆದಿದ್ದವು. ಜಗತ್ತಿನಲ್ಲಿ ಎಚ್‌ಪಿವಿಯಿಂದ ಸಾಯುವವರಲ್ಲಿ ಹೆಂಗಸರೇ ಬಹುಪಾಲು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಈ ವೈರಸ್ 6,20,000 ಹೆಂಗಸರಲ್ಲಿ, 70,000 ಗಂಡಸರಲ್ಲಿ ಕ್ಯಾನ್ಸರ್ ತಂದಿತು. ಹುಡುಗಿಯರು ಮೊದಲು ಎಂದದ್ದರಲ್ಲಿ ತಪ್ಪಿರಲಿಲ್ಲ. ಹುಡುಗಿಯರು ಮಾತ್ರ ಎಂಬಲ್ಲಿಗೆ ಅದು ಜಾರಿದ್ದರಲ್ಲಿ ತಪ್ಪಿತ್ತು.

ಜಾರಿದ ಪರಿಣಾಮ ಬೇಗ ಕಂಡಿತು. ಟೆಕ್ಸಾಸ್‌ನ ಗವರ್ನರ್ ರಿಕ್ ಪೆರ್ರಿ 2007ರ ಫೆಬ್ರವರಿಯಲ್ಲಿ ಆರನೇ ತರಗತಿ ಸೇರುವ ಹುಡುಗಿಯರಿಗೆ ಲಸಿಕೆ ಕಡ್ಡಾಯ ಎಂದು ಆದೇಶ ಹೊರಡಿಸಿದಾಗ, ಚರ್ಚೆ ಕ್ಯಾನ್ಸರ್ ಬಿಟ್ಟು ಹುಡುಗಿಯರ ನಡತೆಯ ಕಡೆ ತಿರುಗಿತು. ಶಾಸನಸಭೆ ಆದೇಶವನ್ನು ರದ್ದುಮಾಡಿತು. ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಒಂದೇ ದಿನ ಚುಚ್ಚಿದ್ದರೆ ಆ ಮಾತು ಅಷ್ಟು ಸಲೀಸಾಗಿ ಬರುತ್ತಿತ್ತೇ?

ಇಲ್ಲಿ ಒಂದು ಹಳೆಯ ಪಾಠವಿತ್ತು. ರುಬೆಲ್ಲಾ ಗಂಡುಮಕ್ಕಳಿಗೆ ಹೆಚ್ಚೇನೂ ಮಾಡುವುದಿಲ್ಲ. ಹಾನಿ ಆಗುವುದು ಬಸುರಿಯ ಹೊಟ್ಟೆಯಲ್ಲಿರುವ ಕೂಸಿಗೆ. ಬ್ರಿಟನ್ 1970ರಿಂದ ಹುಡುಗಿಯರಿಗಷ್ಟೇ ಲಸಿಕೆ ಹಾಕುತ್ತ ಬಂತು. ರೋಗ ಹುಡುಗರ ನಡುವೆ ಓಡಾಡಿಕೊಂಡೇ ಇತ್ತು. ಕೊನೆಗೆ 1988ರಲ್ಲಿ ಎಂಎಂಆರ್ ಲಸಿಕೆಯ ಮೂಲಕ ಇಬ್ಬರಿಗೂ ಕೊಡತೊಡಗಿತು. ಕರ್ನಾಟಕದ ತಾಯಂದಿರಿಗೆ ಇದು ಹೊಸದಲ್ಲ. 2017ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದಲೇ ಚಾಲನೆ ಪಡೆದ ದಡಾರ–ರುಬೆಲ್ಲಾ ಅಭಿಯಾನದಲ್ಲಿ ಶಾಲೆಯ ಹುಡುಗ ಹುಡುಗಿಯರೆಲ್ಲ ತೋಳು ಮಡಿಸಿ ಒಂದೇ ಸಾಲಿನಲ್ಲಿ ನಿಂತಿದ್ದರು. ‘ನನ್ನ ಮಗ ಬಸುರಾಗುತ್ತಾನೆಯೇ’ ಎಂಬುದು ಅಭಿಯಾನದ ಪ್ರಶ್ನೆಯೇ ಆಗಿರಲಿಲ್ಲ.

ಅಮೆರಿಕ 2009ರ ಅಕ್ಟೋಬರ್ 16ರಂದು ಹುಡುಗರಿಗೂ ಗಾರ್ಡಸಿಲ್ ಬಳಸಬಹುದೆಂದಿತು, ಅದೂ ನರಹುಲಿ ತಡೆಯಲು ಮಾತ್ರ. ಆದರೆ ಎಲ್ಲರಿಗೂ ಹಾಕಿ ಎಂದು ಸಲಹಾ ಸಮಿತಿ ಹೇಳಲಿಲ್ಲ. ಬೇಕಾದವರು ಹಾಕಿಸಿಕೊಳ್ಳಲಿ ಎಂದಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. 2011ರಲ್ಲಿ ಎರಡು ದೊಡ್ಡ ಫಲಿತಾಂಶಗಳು ಪ್ರಕಟವಾದವು. 18 ದೇಶಗಳ 4,065 ಹುಡುಗರು ಮತ್ತು ಯುವಕರ ಮೇಲೆ ನಡೆದ ಪ್ರಯೋಗದಲ್ಲಿ, ಹೇಳಿದಂತೆ ಮೂರೂ ಡೋಸ್ ಪಡೆದು ಮೊದಲೇ ಸೋಂಕಿರದವರಲ್ಲಿ ಲಸಿಕೆಯ ತಳಿಗಳಿಂದ ಆಗುವ ಜನನಾಂಗದ ಗಂಟುಗಳು ನೂರಕ್ಕೆ 90ರಷ್ಟು ಕಡಿಮೆಯಾಗಿದ್ದವು. ಅದೇ ಪ್ರಯೋಗದ 602 ಸಲಿಂಗಕಾಮಿ ಯುವಕರಲ್ಲಿ ಗುದದ ಕ್ಯಾನ್ಸರಿಗೆ ಮುನ್ನ ಬರುವ ಬದಲಾವಣೆಯೂ ಮುಕ್ಕಾಲು ಪಾಲು ತಗ್ಗಿತ್ತು. ಫ್ರೇಜರ್ 1986ರಲ್ಲಿ ಬರೆದದ್ದು ಇದೇ ರೋಗದ ಬಗ್ಗೆ. 2011ರ ಅಕ್ಟೋಬರ್‌ನಲ್ಲಿ ಅಮೆರಿಕದ ಪೂಜಾರಿಗಳು ಒಪ್ಪಿ, 11–12ರ ಹುಡುಗರಿಗೆಲ್ಲ ಲಸಿಕೆ ಎಂದರು.

ಅತ್ತ ಆಸ್ಟ್ರೇಲಿಯಾ ಹುಡುಗಿಯರಿಗೆ 2007ರ ಏಪ್ರಿಲ್‌ನಿಂದ ಶಾಲೆಗಳಲ್ಲೇ ಉಚಿತವಾಗಿ ಕೊಡುತ್ತಿತ್ತು. ನಾಲ್ಕು ವರ್ಷಗಳಲ್ಲಿ ಅಲ್ಲಿನ ಲೈಂಗಿಕ ಆರೋಗ್ಯ ಕ್ಲಿನಿಕ್ಕುಗಳ ವೈದ್ಯರು ವಿಚಿತ್ರವೊಂದನ್ನು ಗಮನಿಸಿದರು. ನರಹುಲಿ ತೋರಿಸಲು ಬರುವ ಯುವತಿಯರು ಹೆಚ್ಚುಕಡಿಮೆ ಇಲ್ಲವಾಗಿದ್ದರು. ಇದು ನಿರೀಕ್ಷಿತ. ಆದರೆ ಒಂದೂ ಸೂಜಿ ಕಾಣದ ಹುಡುಗರೂ ಬರುತ್ತಿರಲಿಲ್ಲ! ಎಂಟು ಕ್ಲಿನಿಕ್ಕುಗಳ ಲೆಕ್ಕ 2013ರಲ್ಲಿ ‘ಬಿಎಂಜೆ’ ಪತ್ರಿಕೆಯಲ್ಲಿ ಬಂತು. 21ರೊಳಗಿನ, ಹೆಣ್ಣಿನ ಜೊತೆಗಷ್ಟೇ ಸಂಬಂಧವಿರುವ ಹೊಸ ಗಂಡು ರೋಗಿಗಳಲ್ಲಿ 2007ರಲ್ಲಿ ನೂರಕ್ಕೆ 12 ಮಂದಿಗೆ ನರಹುಲಿ ಇದ್ದರೆ 2011ರಲ್ಲಿ ಅದು 2ಕ್ಕೆ ಇಳಿದಿತ್ತು. ಗೆಳತಿಯರ ತೋಳಿಗೆ ಬಿದ್ದ ಚುಚ್ಚುಮದ್ದು ಹುಡುಗರನ್ನೂ ಕಾಯುತ್ತಿತ್ತು.

ಖಜಾನೆಯವರಿಗೆ ಇದು ಸಿಹಿಸುದ್ದಿ. ಹುಡುಗರಿಗೆ ಪುಕ್ಕಟೆಯಾಗಿ ರಕ್ಷಣೆ ಸಿಗುತ್ತಿರುವಾಗ ದುಡ್ಡು ಯಾಕೆ ಸುರಿಯಬೇಕು? ಆದರೆ ಅದೇ ಕೋಷ್ಟಕದಲ್ಲಿ ಇನ್ನೊಂದು ಸಾಲಿತ್ತು. ಗಂಡಸರ ಜೊತೆ ಸಂಬಂಧವಿರುವ ಗಂಡಸರಲ್ಲಿ ಆ ವರ್ಷಗಳಲ್ಲಿ ಇಂಥ ಇಳಿಕೆ ಕಂಡಿರಲಿಲ್ಲ. ಅವರಿಗೆ ಗೆಳತಿಯರಿಲ್ಲ, ಆದ್ದರಿಂದ ಗೆಳತಿಯರ ಲಸಿಕೆಯ ನೆರಳೂ ಇಲ್ಲ. ಯಾರ ಮೈಯಲ್ಲಿ ಈ ವೈರಸ್ಸಿನ ದಾರಿಯನ್ನು ಮೆಲ್ಬರ್ನ್‌ನ ವೈದ್ಯರು ಕಂಡಿದ್ದರೋ, ಲಸಿಕೆಯ ಫಲ ಸಿಗದೆ ಹೊರಗುಳಿದವರು ಅವರೇ. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ಹಾಗೆ. ಇವರಿಗಷ್ಟೇ ಬೇರೆಯಾಗಿ ಲಸಿಕೆ ಕೊಡೋಣವೆಂದರೆ, ಹನ್ನೆರಡನೇ ವಯಸ್ಸಿನ ಹುಡುಗನನ್ನು ನಿಲ್ಲಿಸಿ ನೀನು ಮುಂದೆ ಯಾರನ್ನು ಪ್ರೀತಿಸುತ್ತೀಯ ಎಂದು ಕೇಳಲಾಗುತ್ತದೆಯೇ? ಇಂಗ್ಲೆಂಡ್ 2018ರಲ್ಲಿ 45 ವರ್ಷದವರೆಗಿನ ಇಂಥ ಗಂಡಸರಿಗೆ ಕ್ಲಿನಿಕ್ಕುಗಳಲ್ಲಿ ಲಸಿಕೆ ಕೊಡತೊಡಗಿತು. ಅಷ್ಟರಲ್ಲಿ ಬಹಳ ಮಂದಿಗೆ ಸೋಂಕು ತಗಲಿಯೇ ಆಗಿರುತ್ತದೆ. ಲಸಿಕೆ ಮೊದಲೇ ಸೇರಿಕೊಂಡ ವೈರಸ್ಸನ್ನು ಓಡಿಸುವುದಿಲ್ಲ.

ಅಷ್ಟೊತ್ತಿಗೆ ಇನ್ನೊಂದು ದಿಕ್ಕಿನಿಂದ ಗಂಟಲಿನ ಸುದ್ದಿ ಬಂದಿತ್ತು. ಅಮೆರಿಕದ ವೈದ್ಯೆ ಮೌರಾ ಗಿಲ್ಲಿಸನ್ 2000ದಲ್ಲಿ, ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರ್‌ಗಳಲ್ಲಿ ಎಚ್‌ಪಿವಿ 16 ಕಂಡಿದ್ದನ್ನು ವಿವರವಾಗಿ ತೋರಿಸಿದ್ದರು. ಸಿಗರೇಟು ಸೇದದ, ಕುಡಿತವೂ ಹೆಚ್ಚಿರದ ನಡುವಯಸ್ಸಿನ ಗಂಡಸರಿಗೂ ಈ ಕ್ಯಾನ್ಸರ್ ಬರುತ್ತಿತ್ತು. ಅಮೆರಿಕದಲ್ಲಿ 2015ರ ಒಂದೇ ವರ್ಷದಲ್ಲಿ ಗಂಟಲಿನ ಈ ಭಾಗದ ಕ್ಯಾನ್ಸರ್ 18,917 ಮಂದಿಗೆ ಬಂತು. ಅವರಲ್ಲಿ 15,479 ಮಂದಿ ಗಂಡಸರು. ಅದೇ ವರ್ಷ ಗರ್ಭಕಂಠದ ಕ್ಯಾನ್ಸರ್ ಬಂದವರು 11,788. ಗಂಟಲಿನ ಪ್ರಕರಣಗಳೆಲ್ಲವೂ ವೈರಸ್ಸಿನಿಂದ ಆದವಲ್ಲ, ಆದರೆ ಅಲ್ಲಿ ಬಹುಪಾಲು ಅದರಿಂದಲೇ. ಇನ್ನೊಂದು ವ್ಯತ್ಯಾಸವೂ ಇದೆ. ಗರ್ಭಕಂಠಕ್ಕೆ ಪ್ಯಾಪ್ ಪರೀಕ್ಷೆ ಇದೆ, ಕ್ಯಾನ್ಸರ್ ಆಗುವ ಮುಂಚೆಯೇ ಹಿಡಿಯಬಹುದು. ಗಂಟಲಿಗೆ ಅಂಥ ಪರೀಕ್ಷೆ ಇಲ್ಲ. ಟಾನ್ಸಿಲ್ಲಿನ ಸುಕ್ಕುಗಳ ಆಳದಲ್ಲಿ ಅಡಗಿ ಬೆಳೆಯುವ ಗೆಡ್ಡೆ ಎಷ್ಟೋ ಸಲ ಕಾಣುವುದು ಬೆಳಗ್ಗೆ ಗಡ್ಡ ಹೆರೆಯುವಾಗ, ಕತ್ತಿನ ಪಕ್ಕದಲ್ಲಿ ನೋವಿಲ್ಲದ ಗಂಟೊಂದು ಕೈಗೆ ಸಿಕ್ಕಾಗ. ಲಸಿಕೆ ಗಂಟಲಿನ ಕ್ಯಾನ್ಸರನ್ನೂ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆಯಲು ಅಮೆರಿಕ ಒಪ್ಪಿದ್ದು 2020ರ ಜೂನ್‌ನಲ್ಲಿ.

ಆಸ್ಟ್ರೇಲಿಯಾದ ತಜ್ಞ ಸಮಿತಿ ಹುಡುಗರ ಅರ್ಜಿಯನ್ನು ಮೊದಲು ದುಬಾರಿಯೆಂದು ತಳ್ಳಿಹಾಕಿ, ಆಮೇಲೆ ಒಪ್ಪಿತು. 2013ರ ಫೆಬ್ರವರಿಯಲ್ಲಿ ಶಾಲೆಗಳು ಬೇಸಿಗೆ ರಜೆ ಮುಗಿಸಿ ತೆರೆದಾಗ 12–13ರ ಹುಡುಗರೂ ಸಾಲಿನಲ್ಲಿ ನಿಂತರು. ದೇಶಕ್ಕೆ ದೇಶವೇ ಹುಡುಗರಿಗೆ ಸರ್ಕಾರಿ ಖರ್ಚಿನಲ್ಲಿ ಎಚ್‌ಪಿವಿ ಲಸಿಕೆ ಹಾಕಿದ್ದು ಜಗತ್ತಿನಲ್ಲಿ ಅದೇ ಮೊದಲು.

ಬ್ರಿಟನ್ನಿನ ಕಥೆ ಲೆಕ್ಕದ ಪುಸ್ತಕದ್ದು. ಅಲ್ಲಿ ಹುಡುಗಿಯರಿಗೆ 2008ರಿಂದಲೇ ಇತ್ತು. ಹುಡುಗರಿಗೆ ಕೊಡುವುದು ಲಾಭಕರವಲ್ಲ ಎಂದು 2017ರ ಜುಲೈನಲ್ಲಿ ಲಸಿಕಾ ಸಮಿತಿ ಮಧ್ಯಂತರ ಅಭಿಪ್ರಾಯ ಕೊಟ್ಟಿತು. ಗಂಟಲು ಕ್ಯಾನ್ಸರ್ ನೋಡುವ ದಂತವೈದ್ಯರ ಸಂಘಗಳಿಂದ ಹಿಡಿದು ಅನೇಕರು ತಿರುಗಿಬಿದ್ದರು. ಒಂದು ವರ್ಷದ ನಂತರ ಅದೇ ಸಮಿತಿ ಕೊಡಿ ಎಂದಿತು. ವೈರಸ್ ಬದಲಾಗಿರಲಿಲ್ಲ, ಬಡ್ಡಿಯ ದರ ಬದಲಾಗಿತ್ತು. ಸರ್ಕಾರಿ ಲೆಕ್ಕದಲ್ಲಿ ಮುಂದೆಂದೋ ಸಿಗುವ ಲಾಭಕ್ಕೆ ಇವತ್ತಿನ ಬೆಲೆ ಕಟ್ಟುವಾಗ ವರ್ಷಕ್ಕೆ ಇಷ್ಟು ಎಂದು ಕಳೆಯುತ್ತಾರೆ. ಹನ್ನೆರಡರ ಹುಡುಗನಿಗೆ ಇಂದು ಚುಚ್ಚಿದರೆ ತಪ್ಪುವ ಕ್ಯಾನ್ಸರ್ ಅವನ ಐವತ್ತರ ದಶಕದ್ದು. ನಲವತ್ತು ವರ್ಷದಾಚೆಯ 100 ಪೌಂಡಿನ ಲಾಭ, ವರ್ಷಕ್ಕೆ ನೂರಕ್ಕೆ 3.5ರಂತೆ ಕಳೆದರೆ ಇವತ್ತಿಗೆ 25 ಪೌಂಡ್. 1.5ರಂತೆ ಕಳೆದರೆ 55 ಪೌಂಡ್. ಮೊದಲ ದರದಲ್ಲಿ ಹುಡುಗ ದಂಡದ ಬಾಬತ್ತು, ಎರಡನೆಯದರಲ್ಲಿ ಲಾಭದ್ದು. ಹುಡುಗ ಹುಡುಗಿಯರನ್ನು ಒಟ್ಟಾಗಿ ಒಂದೇ ಕಾರ್ಯಕ್ರಮವೆಂದು ಎಣಿಸಿಯೂ ನೋಡಿದ ಸಮಿತಿ, 2018ರ ಜುಲೈನಲ್ಲಿ ಹಸಿರು ನಿಶಾನೆ ತೋರಿತು. 2019ರ ಸೆಪ್ಟೆಂಬರಿನಿಂದ ಅಲ್ಲಿನ ಹುಡುಗರಿಗೂ ಲಸಿಕೆ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹುಡುಗರಿಗೆ ಸ್ವಲ್ಪ ತಡೆಯಿರಿ ಎಂದರು. ಜಗತ್ತಿನಲ್ಲಿ ಲಸಿಕೆಗೆ ಬರ ಬಂದಿತ್ತು. ಶ್ರೀಮಂತ ದೇಶದ ಹುಡುಗನಿಗೆ ಹೋಗುವ ಡೋಸು ಬಡ ದೇಶದ ಹುಡುಗಿಯ ಕೈತಪ್ಪಿದ್ದು ಎಂಬುದು ಅವರ ವಾದ. ಈ ವಾದಕ್ಕೆ ಎದುರಾಡುವುದು ಕಷ್ಟ.

ಆ ಬರಕ್ಕೆ ಪರಿಹಾರ ಸಿಕ್ಕಿದ್ದು ಭಾರತದ ಒಂದು ಎಡವಟ್ಟಿನಿಂದ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹುಡುಗಿಯರಿಗೆ ಲಸಿಕೆ ಕೊಡುವ ಯೋಜನೆ ಶುರುವಾಗಿತ್ತು. ಏಳು ಹುಡುಗಿಯರು ತೀರಿಕೊಂಡ ಸುದ್ದಿ ಬಂದು 2010ರ ಏಪ್ರಿಲ್‌ನಲ್ಲಿ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲ ಎಂದು ತನಿಖಾ ಸಮಿತಿ ಹೇಳಿತು. ಆದರೆ ಪೋಷಕರ ಒಪ್ಪಿಗೆಯನ್ನು ಪಡೆದ ರೀತಿಯನ್ನು ಸಂಸದೀಯ ಸಮಿತಿ 2013ರಲ್ಲಿ ಕಟುವಾಗಿ ಟೀಕಿಸಿತು. ಇದರ ಬಿಸಿ ತಟ್ಟಿ, ಎರಡು ಡೋಸ್ ಸಾಕೇ, ಮೂರು ಬೇಕೇ ಎಂದು ದೇಶದ ಹಲವೆಡೆ ನಡೆಯುತ್ತಿದ್ದ ಬೇರೊಂದು ಅಧ್ಯಯನವೂ ಅರ್ಧಕ್ಕೆ ನಿಂತಿತು. ಸುಮಾರು 5,000 ಹುಡುಗಿಯರು ಒಂದೇ ಡೋಸ್ ಪಡೆದು ಉಳಿದುಬಿಟ್ಟರು. ಡಾ. ರೆಂಗಸ್ವಾಮಿ ಶಂಕರನಾರಾಯಣನ್ ಮತ್ತು ಅವರ ತಂಡ ಆ ಹುಡುಗಿಯರನ್ನು ಕೈಬಿಡದೆ ಹತ್ತು ವರ್ಷ ಗಮನಿಸುತ್ತ ಬಂತು. 16 ಮತ್ತು 18ರ ಬಿಡದ ಸೋಂಕಿನ ವಿರುದ್ಧ ಒಂದು ಡೋಸಿನ ರಕ್ಷಣೆ ನೂರಕ್ಕೆ 95. ಮೂರು ಡೋಸಿನದೂ ಹೆಚ್ಚುಕಡಿಮೆ ಅಷ್ಟೇ! ಇದು 2021ರಲ್ಲಿ ಪ್ರಕಟವಾಯಿತು. ಆಫ್ರಿಕಾದಲ್ಲೂ ಇಂಥದೇ ಫಲ ಕಂಡು, 2022ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸೂ ಸಾಕೆಂದಿತು. ಕೈಯಲ್ಲಿ ಲಸಿಕೆಯೂ ದುಡ್ಡೂ ಇದ್ದರೆ ಹುಡುಗರಿಗೂ ಕೊಡಬಹುದೆಂದಿತು. 2023ರಲ್ಲಿ ಆಸ್ಟ್ರೇಲಿಯಾ, ಬ್ರಿಟನ್ ಎರಡೂ ಹುಡುಗ ಹುಡುಗಿಯರಿಗೆ ಒಂದೇ ಡೋಸಿಗೆ ಇಳಿದವು.

ಭಾರತದಲ್ಲಿ ಗಂಡಸರ ಬಾಯಿ ಕ್ಯಾನ್ಸರ್ ಎಂದರೆ ಮೊದಲ ಆರೋಪಿ ಇಂದಿಗೂ ಹೊಗೆಸೊಪ್ಪು, ಗುಟ್ಕಾ, ಅಡಿಕೆ. ಕೆನ್ನೆಯ ಒಳಗೆ, ವಸಡಿನ ಪಕ್ಕದಲ್ಲಿ ಏಳುವ ಹುಣ್ಣಿಗೆ ಎಚ್‌ಪಿವಿ ಲಸಿಕೆ ಮದ್ದಲ್ಲ. ಇತ್ತ 2022ರಲ್ಲಿ ದೇಶದಲ್ಲಿ ಸುಮಾರು 1,27,000 ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬಂದು, ಸುಮಾರು 80,000 ಮಂದಿ ಸತ್ತರು ಎಂಬುದು ಅಂದಾಜು. ಸರ್ಕಾರದ ದುಡ್ಡು ಮೊದಲು ಹುಡುಗಿಯರಿಗೆ ಹೋಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. 2024ರ ಮಧ್ಯಂತರ ಬಜೆಟ್ಟಿನಲ್ಲಿ ಹೇಳಿದ್ದೂ 9–14ರ ಹುಡುಗಿಯರ ಬಗ್ಗೆಯೇ. ಆದರೆ ಕೊಳ್ಳುವ ಶಕ್ತಿಯಿರುವ ಮನೆಗಳಲ್ಲೂ ಮಗಳಿಗೆ ಹಾಕಿಸಿದ ತಂದೆತಾಯಿಗೆ ಮಗನ ನೆನಪಾಗದಿರಲು ಒಂದು ಕಾರಣ ಹೆಸರಿನಲ್ಲೇ ಇದೆ. ಕನ್ನಡದಲ್ಲಿ ಎಲ್ಲರೂ ಇದನ್ನು ಕರೆಯುವುದು ‘ಗರ್ಭಕಂಠದ ಕ್ಯಾನ್ಸರ್ ಲಸಿಕೆ’ ಎಂದು. ಗಂಡಸಿಗೆ ಇಲ್ಲದ ಅಂಗದ ಹೆಸರು ಹೊತ್ತ ಸೂಜಿಯನ್ನು ಅವನಿಗೆ ಹೇಗೆ ಚುಚ್ಚಿಸುವುದು?

ಪುಣೆಯ ಸೀರಂ ಸಂಸ್ಥೆ ತಯಾರಿಸುವ ದೇಶೀಯ ಲಸಿಕೆಯ ಹೆಸರು ‘ಸರ್ವಾವ್ಯಾಕ್’. ಅದರಲ್ಲೂ ‘ಸರ್ವಿಕ್ಸ್’, ಅಂದರೆ ಗರ್ಭಕಂಠ, ಕೂತಿದೆ. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2022ರ ಜುಲೈನಲ್ಲಿ. ಒಪ್ಪಿಗೆ ಕೊಟ್ಟಿದ್ದು ಹುಡುಗಿಯರಿಗೂ ಹುಡುಗರಿಗೂ, 9ರಿಂದ 26 ವರ್ಷದವರೆಗೆ: ಹದಿನಾಲ್ಕರವರೆಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲಾದರೆ ಮೂರು.